ಕೋಟೆ ಇಳಿದ ಮರುದಿನ ಬೆಳಿಗ್ಗೆ: ಟೀಮ್ ಬಿಲ್ಡಿಂಗ್ ಕೆಲಸದಲ್ಲಿ ಉಳಿಯಬೇಕೆಂದರೆ ಹೀಗೆ ಮಾಡಿ

ನಾನು ಮಾಡಿಸಿದ ಮೊದಲ ಟೀಮ್ ಬಿಲ್ಡಿಂಗ್ ವರ್ಕ್‌ಶಾಪ್ ಚಿತ್ರದುರ್ಗದ ಕೋಟೆಯಲ್ಲಿ ನಡೆಯಿತು. ದಾವಣಗೆರೆಯ ಒಂದು ಬಟ್ಟೆ ಅಂಗಡಿಯ 30 ಜನ ಬಂದಿದ್ದರು. ಬೆಳಗಿನ ಜಾವವೇ ಬಾಡಿಗೆ ಬಸ್ಸು ಹತ್ತಿದ್ದು, ದಾರಿಯುದ್ದಕ್ಕೂ ಅಂತ್ಯಾಕ್ಷರಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದೇ ಹಗ್ಗ ಹಿಡಿದು ಚೌಕ ಮಾಡುವ ಆಟ, ಗೋಡೌನಿನ ಹುಡುಗರು ಮತ್ತು ಕೌಂಟರಿನ ಹೆಣ್ಣುಮಕ್ಕಳು ಒಂದೇ ತಂಡವಾಗಿ ಗೆದ್ದಿದ್ದು, ಎಲ್ಲಾ ಚೆನ್ನಾಗಿತ್ತು. ವಾಪಸ್ ಬರುವಾಗ "ಇಂಥದ್ದು ವರ್ಷಕ್ಕೆ ಎರಡು ಸಲ ಆಗಬೇಕು ಸರ್" ಎಂದರು.

ಮರುದಿನ ಹನ್ನೊಂದು ಗಂಟೆಗೆ ಮದುವೆ ಜವಳಿ ತೆಗೆಯಲು ಹಳ್ಳಿಯಿಂದ ಒಂದು ಕುಟುಂಬ ಬಂತು. ಅವರಿಗೆ ಬೇಕಾದ ಸೀರೆಗಳು ಮೇಲಿನ ಗೋಡೌನಿನಲ್ಲಿದ್ದವು. ಅರ್ಧ ಗಂಟೆ ಆದರೂ ಕೆಳಗೆ ಇಳಿಯಲಿಲ್ಲ. ಕೌಂಟರಿನವರು ಮೇಲಕ್ಕೆ ಕೂಗಿದರು, ಮೇಲಿನವರು ಕೆಳಕ್ಕೆ ಕೂಗಿದರು. ಹಿಂದಿನ ದಿನ ಒಂದೇ ಹಗ್ಗ ಹಿಡಿದಿದ್ದ ಅದೇ ಜನ. 15 ದಿನ ಬಿಟ್ಟು ನಾನು ಅಂಗಡಿಗೆ ಹೋದಾಗ ಆ ಪ್ರವಾಸದಿಂದ ಉಳಿದಿದ್ದು ಮೊಬೈಲಿನ ಫೋಟೊಗಳು ಮಾತ್ರ.

ತಪ್ಪು ಆ ಜನರದ್ದಲ್ಲ, ನನ್ನದು. ಒಟ್ಟಿಗೆ ಆಡುವುದನ್ನು ನಾನು ಹೇಳಿಕೊಟ್ಟಿದ್ದೆ. ಸೀರೆ ಯಾರು ಇಳಿಸಬೇಕು, ಎಷ್ಟು ಹೊತ್ತಿನಲ್ಲಿ ಇಳಿಸಬೇಕು, ಸಿಗದಿದ್ದರೆ ಯಾರಿಗೆ ಹೇಳಬೇಕು ಅನ್ನುವ ಮಾತನ್ನು ಇಡೀ ದಿನ ಒಂದು ಸಲವೂ ಎತ್ತಿರಲಿಲ್ಲ. ಅದಾದ ಮೇಲೆ ನಮ್ಮ ಕಡೆಯ ಅಕ್ಕಿ ಗಿರಣಿ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ, ಸಣ್ಣ ಫೈನಾನ್ಸ್ ಕಚೇರಿ ಹೀಗೆ ಹಲವು ಕಡೆ ಇದೇ ಕೆಲಸ ಮಾಡಿದ್ದೇನೆ. ನೀವು ಮಾಲೀಕರಾಗಿರಲಿ, ಮ್ಯಾನೇಜರ್ ಆಗಿರಲಿ, ಅಥವಾ "ಈ ಸಲದ ಔಟಿಂಗ್ ನೀನೇ ನೋಡ್ಕೋ" ಅಂತ ಹೇಳಿಸಿಕೊಂಡ ಸೂಪರ್‌ವೈಸರ್ ಆಗಿರಲಿ, ಖರ್ಚು ಮಾಡಿದ ದುಡ್ಡು ಮತ್ತು ಒಂದು ದಿನ ಸುಮ್ನೆ ಹೋಗಬಾರದು ಅಲ್ವಾ? ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಜಗಳ ಎಲ್ಲಿ ಹುಟ್ಟುತ್ತದೆ ನೋಡಿ

ಬಸ್ಸು ಬುಕ್ ಮಾಡುವ ಮುಂಚೆ ಎರಡು ದಿನ ಕೆಲಸದ ಜಾಗದಲ್ಲಿ ಸುಮ್ನೆ ಕೂತು ನೋಡಿ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗ ಇರುತ್ತದಲ್ಲ, ಜಗಳ ಸಾಮಾನ್ಯವಾಗಿ ಅಲ್ಲೇ ಹುಟ್ಟುತ್ತದೆ. ಕೌಂಟರಿನಿಂದ ಗೋಡೌನಿಗೆ. ವಾರ್ಡಿನಿಂದ ಬಿಲ್ಲಿಂಗಿಗೆ. ರಾತ್ರಿ ಶಿಫ್ಟಿನಿಂದ ಬೆಳಗಿನ ಶಿಫ್ಟಿಗೆ.

ಆಮೇಲೆ ಒಬ್ಬೊಬ್ಬರನ್ನೇ, ಟೀ ಕುಡಿಯುವ ಹೊತ್ತಿನಲ್ಲಿ, ಮೂರು ಮಾತು ಕೇಳಿ. ನಿನ್ನ ಕೆಲಸ ಯಾರಿಂದ ತಡ ಆಗುತ್ತದೆ? ನಿನ್ನಿಂದ ಯಾರ ಕೆಲಸ ತಡ ಆಗುತ್ತಿರಬಹುದು? ನಿನ್ನೆ ಯಾವ ವಿಷಯಕ್ಕೆ ಸಿಟ್ಟು ಬಂತು? ಎಲ್ಲರ ಎದುರು ಕೇಳಿದರೆ "ಏನೂ ಇಲ್ಲ ಸರ್, ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. ಒಬ್ಬರೇ ಇದ್ದಾಗ ಹೇಳುತ್ತಾರೆ. ಹೇಳಿದವರ ಹೆಸರು ಮಾತ್ರ ಎಲ್ಲೂ ಬಿಡಬೇಡಿ, ಮಾಲೀಕರಿಗೂ ಹೇಳಬೇಡಿ. ಒಮ್ಮೆ ನಂಬಿಕೆ ಹೋದರೆ ಆ ಜಾಗದಲ್ಲಿ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಮಾಲೀಕರು ಸಾಮಾನ್ಯವಾಗಿ "ನಮ್ಮ ಹುಡುಗರಲ್ಲಿ ಒಗ್ಗಟ್ಟಿಲ್ಲ" ಎನ್ನುತ್ತಾರೆ. ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ. ಒಗ್ಗಟ್ಟಿಲ್ಲ ಅಂದರೆ ಕಣ್ಣಿಗೆ ಕಾಣುವ ಹಾಗೆ ಏನಾಗುತ್ತಿದೆ ಅಂತ ಕೇಳಿ. "ಗಿರಾಕಿ ಕಾಯುತ್ತಾರೆ", "ಒಂದೇ ಬಿಲ್ಲು ಎರಡು ಸಲ ತಿದ್ದಬೇಕಾಗುತ್ತದೆ", "ಲೋಡ್ ಆದ ಲಾರಿ ಮತ್ತೆ ಇಳಿಸುತ್ತಾರೆ" ಅನ್ನುವ ಮಟ್ಟಕ್ಕೆ ಬಂದರೆ ಆಗ ವರ್ಕ್‌ಶಾಪ್ ಮಾಡಲು ಒಂದು ವಿಷಯ ಸಿಕ್ಕಿದ ಹಾಗೆ.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. 1999ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡೊ ಸಲಾಸ್ ಮತ್ತು ಸಂಗಡಿಗರು ಟೀಮ್ ಬಿಲ್ಡಿಂಗ್ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲಸದ ಮೇಲೆ ಪರಿಣಾಮ ಕಂಡಿದ್ದು ಮುಖ್ಯವಾಗಿ ಯಾರ ಕೆಲಸ ಯಾವುದು ಅಂತ ಸ್ಪಷ್ಟ ಮಾಡಿಕೊಂಡ ಕಡೆ. 2009ರಲ್ಲಿ ಕ್ಯಾಮೆರಾನ್ ಕ್ಲೈನ್, ಸಲಾಸ್ ಮತ್ತಿತರರು ಇನ್ನೂ ಹೆಚ್ಚು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಗುರಿ ಗೊತ್ತುಮಾಡಿಕೊಳ್ಳುವುದು ಮತ್ತು ಕೆಲಸದ ಹಂಚಿಕೆ ಸ್ಪಷ್ಟ ಮಾಡಿಕೊಳ್ಳುವುದು, ಈ ಎರಡರ ಪರಿಣಾಮವೇ ದೊಡ್ಡದಾಗಿತ್ತು. ನಾವು ಮಾತ್ರ ಇಡೀ ದಿನವನ್ನು ಹಗ್ಗ, ಬಲೂನಿಗೆ ಕೊಟ್ಟುಬಿಡುತ್ತೇವೆ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಎರಡು ದಿನ ಕೂತು ನೋಡಿದಾಗ ತೊಂದರೆ ಇರುವುದು ಸಂಬಳದಲ್ಲಿ, ಅಥವಾ ಆರು ಜನರ ಕೆಲಸವನ್ನು ನಾಲ್ಕು ಜನ ಮಾಡುತ್ತಿರುವುದರಲ್ಲಿ ಅಂತ ಗೊತ್ತಾದರೆ, ದಯವಿಟ್ಟು ವರ್ಕ್‌ಶಾಪ್ ಮಾಡಿಸಬೇಡಿ. ಆ ದುಡ್ಡಿನಲ್ಲಿ ಅದನ್ನು ಸರಿ ಮಾಡಿ. ಒಂದು ಗಿರಣಿಯಲ್ಲಿ ಹಮಾಲರಿಗೂ ಗುಮಾಸ್ತರಿಗೂ ಮಾತು ಬಿಟ್ಟುಹೋಗಿತ್ತು. ಕಾರಣ ಹುಡುಕಿದರೆ, ಲಾರಿ ತುಂಬಿದ ಮೇಲೆ ಆರ್ಡರ್ ಬದಲಾಗುತ್ತಿತ್ತು, ಚೀಲಗಳನ್ನು ಮತ್ತೆ ಇಳಿಸಬೇಕಿತ್ತು. ಹಮಾಲರ ಕೂಲಿ ಚೀಲದ ಲೆಕ್ಕದಲ್ಲಿ. ಹಾಗೆ ಇಳಿಸಿದ್ದಕ್ಕೆ ಕೂಲಿಯೇ ಸಿಗುತ್ತಿರಲಿಲ್ಲ! ಇಳಿಸಿದ ಚೀಲಕ್ಕೂ ಕೂಲಿ ಅಂತ ಮಾಲೀಕರು ಒಪ್ಪಿಕೊಂಡ ವಾರದಲ್ಲೇ ಅರ್ಧ ಜಗಳ ಕಡಿಮೆ ಆಯಿತು. ಯಾವ ಆಟದಿಂದಲೂ ಅದು ಆಗುತ್ತಿರಲಿಲ್ಲ.

ಮಾಲೀಕರನ್ನು ಒಪ್ಪಿಸುವುದು

ಬಹಳ ಕಡೆ ಮಾಲೀಕರು ಬೆಳಿಗ್ಗೆ ಬಂದು ನಾಲ್ಕು ಮಾತು ಹೇಳಿ, ಶಾಲು ಹಾಕಿಸಿಕೊಂಡು ಹೊರಟುಬಿಡುತ್ತಾರೆ. ಅದರ ಅರ್ಥ ಎಲ್ಲರಿಗೂ ಗೊತ್ತಾಗುತ್ತದೆ: ಬದಲಾಗಬೇಕಾದವರು ನಾವು ಮಾತ್ರ. ಹಾಗಾಗಿ ಒಂದು ವಾರ ಮುಂಚೆಯೇ ಅವರ ಜೊತೆ ಒಂದು ಗಂಟೆ ಕೂರಿ. ಎರಡು ವಿಷಯ ಒಪ್ಪಿಸಿ. ಇಡೀ ದಿನ ಎಲ್ಲರ ಜೊತೆ ಇರಬೇಕು, ಬೇರೆ ಕುರ್ಚಿ ಬೇಡ. ಮತ್ತು ತಾವು ಬದಲಿಸಿಕೊಳ್ಳುವ ಒಂದು ವಿಷಯವನ್ನು ಎಲ್ಲರ ಎದುರು ಮೊದಲು ತಾವೇ ಹೇಳಬೇಕು.

ಅದೇ ಗಿರಣಿಯ ಮಾಲೀಕರು ನಿಂತು, "ಲಾರಿ ತುಂಬಿದ ಮೇಲೆ ಆರ್ಡರ್ ಬದಲಿಸೋದು ನಾನೇ. ಅದರಿಂದ ನಿಮಗೆ ಎಷ್ಟು ತೊಂದರೆ ಆಗ್ತಿದೆ ಅಂತ ನಾನು ಯೋಚನೆ ಮಾಡಿರಲಿಲ್ಲ" ಎಂದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ವಯಸ್ಸಾದ ಹಮಾಲರೊಬ್ಬರು, "ಸಾವ್ಕಾರ್ರೇ, ನಮ್ಮದೂ ತಪ್ಪೈತಿ, ನಾವೂ ಚೀಟಿ ನೋಡದೆ ತುಂಬತೀವಿ" ಎಂದರು. ಆ ಎರಡು ಮಾತುಗಳಿಂದ ಆದ ಕೆಲಸ ನನ್ನ ಯಾವ ಆಟದಿಂದಲೂ ಆಗಿಲ್ಲ.

ಅಮೆರಿಕದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ ಇದ್ದವು. ಅಲ್ಲಿ ಜನ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಇದನ್ನು ಮಾಲೀಕರಿಗೆ ಮೊದಲೇ ಹೇಳಿಡಿ. ವರ್ಕ್‌ಶಾಪ್ ಸರಿಯಾಗಿ ನಡೆದಿದ್ದರೆ ಮೊದಲ ತಿಂಗಳು ದೂರುಗಳು ಜಾಸ್ತಿ ಕೇಳಿಸುತ್ತವೆ. ಆಗ "ಇಷ್ಟು ಖರ್ಚು ಮಾಡಿದರೂ ಹೀಗೆ ಮಾತಾಡ್ತಾರೆ" ಅಂತ ಅವರು ಸಿಟ್ಟಾದರೆ ಎಲ್ಲಾ ಮತ್ತೆ ಮುಚ್ಚಿಕೊಳ್ಳುತ್ತದೆ.

ದಿನ ಮತ್ತು ಜಾಗ

ಬಟ್ಟೆ ಅಂಗಡಿಗಾದರೆ ಆಷಾಢ ಒಳ್ಳೆಯದು. ಮದುವೆ ಇರುವುದಿಲ್ಲ. ರಿಯಾಯಿತಿ ಮಾರಾಟ ಇದ್ದರೆ ಅದಕ್ಕೆ ಮುಂಚೆ ಮುಗಿಸಿ. ಶ್ರಾವಣದ ಗಡಿಬಿಡಿ ಬರುವ ಹೊತ್ತಿಗೆ ಹೊಸ ರೂಢಿ ಸ್ವಲ್ಪ ಕೈಗೆ ಬಂದಿರುತ್ತದೆ. ಗಿರಣಿಯವರು ಹೊಸ ಭತ್ತ ಬರುವ ಕಾಲ ಬಿಡಿ, ಫೈನಾನ್ಸಿನವರು ಮಾರ್ಚ್ ಬಿಡಿ.

ವಾರದ ರಜೆ ದಿನ ಇಟ್ಟುಕೊಳ್ಳಬೇಡಿ. ಇದು ಕೆಲಸ, ಕೆಲಸದ ದಿನವೇ ಇರಲಿ, ಸಂಬಳವೂ ಇರಲಿ. ರಜೆ ದಿನವೇ ಮಾಡಬೇಕಾಗಿ ಬಂದರೆ ಬದಲಿ ರಜೆ ಕೊಡಿ. ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರಬೇಕು. ಶುಗರ್ ಇರುವವರು ಪ್ರತಿ ತಂಡದಲ್ಲೂ ಇರುತ್ತಾರೆ, ಊಟ ಹೊತ್ತಿಗೆ ಸರಿಯಾಗಿ ಆಗಲಿ. ಒಬ್ಬರನ್ನೊಬ್ಬರು ಎತ್ತುವ, ಹಿಂದಕ್ಕೆ ಬೀಳುವ ಆಟಗಳು ನಮ್ಮ ಕಡೆ ಬೇಡವೇ ಬೇಡ. ಸೊಂಟ ನೋವಿನವರು, ಮುಜುಗರ ಪಡುವವರು ಬಾಯಿ ಬಿಟ್ಟು ಹೇಳುವುದಿಲ್ಲ.

ದೂರ ಹೋಗಲೇಬೇಕೆಂದಿಲ್ಲ. ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆ ಹತ್ತಿರ. ಸೂಳೆಕೆರೆ ಇದೆ. ದುರ್ಗದವರಿಗೆ ಚಂದ್ರವಳ್ಳಿ, ಜೋಗಿಮಟ್ಟಿ. ಕೋಟೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಊಟದ ಗಂಟು ಕೋತಿಗಳ ಕಣ್ಣಿಗೆ ಬೀಳದ ಹಾಗೆ ಇಡಿ.

ಆ ದಿನ ಏನು ಮಾಡಬೇಕು

ಆಟ ಎರಡು ಸಾಕು. ಒಂದು ಆಟ 20 ನಿಮಿಷ ಆಡಿದರೆ, ಅದರ ಮೇಲಿನ ಮಾತು 40 ನಿಮಿಷ ಇರಲಿ. ಹಗ್ಗದ ಆಟ ಮುಗಿದ ಮೇಲೆ "ಮಜಾ ಬಂತಾ?" ಅಂತ ಕೇಳಿದರೆ ಏನೂ ಸಿಗುವುದಿಲ್ಲ. "ಯಾರು ಜೋರಾಗಿ ಕೂಗಿದರು? ಯಾರಿಗೆ ಗೊತ್ತಿದ್ದೂ ಸುಮ್ನಿದ್ದರು? ಅಂಗಡಿಯಲ್ಲಿ ಇದೇ ಯಾವಾಗ ಆಗುತ್ತದೆ?" ಅಂತ ಕೇಳಿ. ಮೂರನೇ ಪ್ರಶ್ನೆಗೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಕಾಯಿರಿ. ಮಧ್ಯದಲ್ಲಿ ನೀವೇ ಉತ್ತರ ಹೇಳಬೇಡಿ.

ಕೋಟೆಯಲ್ಲಿ ಓಬವ್ವನ ಕಿಂಡಿ ಹತ್ತಿರ ಎಲ್ಲರೂ ಧೈರ್ಯದ ಬಗ್ಗೆ ಮಾತಾಡುತ್ತಾರೆ. ನಾನು ಅಲ್ಲಿ ಬೇರೆ ಪ್ರಶ್ನೆ ಕೇಳುತ್ತೇನೆ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಅವನ ಜಾಗದಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ, ಓಬವ್ವ ಒನಕೆ ಹಿಡಿದು ನಿಂತಳು. ಅವಳು ನೀರಿಗೆ ಹೋಗದಿದ್ದರೆ? ಈಗ ಹೇಳಿ, ನಿಮ್ಮಲ್ಲಿ ಒಬ್ಬರು ಊಟಕ್ಕೆ ಹೋದಾಗ ಆ ಜಾಗ ಯಾರು ನೋಡುತ್ತಾರೆ? ಆಸ್ಪತ್ರೆಯ ಬಿಲ್ಲಿಂಗಿನವರನ್ನು ಕರೆದುಕೊಂಡು ಹೋದಾಗ ಈ ಪ್ರಶ್ನೆಗೆ ನಾಲ್ಕು ಜನ ನಾಲ್ಕು ಉತ್ತರ ಕೊಟ್ಟರು. ಒಂದೂವರೆಯಿಂದ ಎರಡೂವರೆಯವರೆಗೆ ಡಿಸ್ಚಾರ್ಜ್ ಯಾಕೆ ನಿಲ್ಲುತ್ತದೆ ಅನ್ನುವುದು ಅವರಿಗೆ ಅಲ್ಲೇ, ಆ ಕಿಂಡಿಯ ಮುಂದೆ ನಿಂತೇ ಹೊಳೆಯಿತು.

ಮಧ್ಯಾಹ್ನ ಊಟ ಆದ ಮೇಲೆ ನೆರಳಲ್ಲಿ ಕೂರಿಸಿ. ಕೆಲಸ ಕೊಡುವವರು ಮತ್ತು ತೆಗೆದುಕೊಳ್ಳುವವರು ಎದುರುಬದುರು. ಪ್ರತಿಯೊಬ್ಬರೂ ಎರಡೇ ವಾಕ್ಯ ಹೇಳಬೇಕು: "ನಿಮ್ಮಿಂದ ನನಗೆ ಬೇಕಾದದ್ದು ಇದು. ಇದಕ್ಕೆ ನಾನು ಮಾಡಿಕೊಡುವುದು ಇದು." ಬರೆಯಲು ಬಾರದವರು ಹೇಳಲಿ, ಇನ್ನೊಬ್ಬರು ಡ್ರಾಯಿಂಗ್ ಶೀಟಿನ ಮೇಲೆ ಬರೆಯಲಿ. ಹೆಸರು ಹಿಡಿದು ಬೈಯುವುದು ಶುರುವಾದರೆ ತಕ್ಷಣ ನಿಲ್ಲಿಸಿ, "ಯಾರು" ಬೇಡ, "ಯಾವಾಗ, ಏನು" ಹೇಳಿ ಎನ್ನಿ.

ಕೊನೆಗೆ ಒಂದೇ ಒಂದು ಒಪ್ಪಂದ ಮಾಡಿಕೊಳ್ಳಿ. ಹತ್ತು ಬೇಡ. ಅದು ಹೇಗಿರಬೇಕು ಅನ್ನುವುದೇ ಎಲ್ಲಕ್ಕಿಂತ ಮುಖ್ಯ. "ಇನ್ನು ಮುಂದೆ ಹೊಂದಿಕೊಂಡು ಕೆಲಸ ಮಾಡುತ್ತೇವೆ" ಅನ್ನುವುದು ಒಪ್ಪಂದ ಅಲ್ಲ, ಆಸೆ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. "ಇದನ್ನು ಮಾಡಬೇಕು" ಅಂದುಕೊಳ್ಳುವುದಕ್ಕಿಂತ "ಹೀಗೆ ಆದಾಗ ಹೀಗೆ ಮಾಡುತ್ತೇನೆ" ಅಂತ ಗೊತ್ತುಮಾಡಿಕೊಂಡವರು ಆ ಕೆಲಸ ಮಾಡುವುದು ಜಾಸ್ತಿ. ಬಟ್ಟೆ ಅಂಗಡಿಯವರನ್ನು ಎರಡನೇ ಸಲ ಕೂರಿಸಿದಾಗ ಅವರೇ ಮಾಡಿಕೊಂಡ ಒಪ್ಪಂದ ಇದು: "ಕೌಂಟರಿನಿಂದ ಚೀಟಿ ಬಂದ 5 ನಿಮಿಷದೊಳಗೆ, ಸೀರೆ ಸಿಗಲಿ ಸಿಗದಿರಲಿ, ಗೋಡೌನಿನಿಂದ ಉತ್ತರ ಬರಬೇಕು. ಚೀಟಿ ಇಲ್ಲದೆ ಕೌಂಟರಿನವರು ಕೂಗಬಾರದು." ನೋಡಿ, ಎರಡೂ ಕಡೆಗೆ ಕೆಲಸ ಇದೆ. ಆಯಿತೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಿ ಹೇಳಬಹುದು. ಒಂದೇ ಕಡೆಗೆ ಹೊರೆ ಬಿದ್ದ ಒಪ್ಪಂದ ಒಂದು ವಾರವೂ ಬಾಳುವುದಿಲ್ಲ.

ಸಾಧ್ಯವಾದರೆ ಇಳಿಯುವಾಗ ಹೊಂಡಗಳನ್ನು ತೋರಿಸಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೂ ಹರಿಯುವ ಹಾಗೆ ಹಿಂದಿನವರು ಕಟ್ಟಿದ್ದಾರೆ. ದುರ್ಗದಲ್ಲಿ ಮಳೆ ಕಡಿಮೆ. ಬಂದ ನಾಲ್ಕು ಮಳೆಯನ್ನು ಹಿಡಿದಿಟ್ಟೇ ಅಷ್ಟು ದೊಡ್ಡ ಕೋಟೆಗೆ ನೀರು ಸಾಕಾಗುತ್ತಿತ್ತು. ವರ್ಕ್‌ಶಾಪ್ ಮಾಡಿಸುವ ನಮ್ಮಂಥವರಿಗೆ ಇದನ್ನು ನೋಡಿದಾಗಲೆಲ್ಲ ಅನಿಸುತ್ತದೆ, ನಾವು ಮಳೆಯ ಲೆಕ್ಕ ಮಾತ್ರ ಹಾಕುತ್ತೇವೆ, ಹೊಂಡ ತೋಡುವುದನ್ನು ಮರೆಯುತ್ತೇವೆ. ಹೊಂಡ ಅಂದರೆ ಮುಂದಿನ ಎರಡು ತಿಂಗಳು.

ಮರುದಿನದಿಂದ ಎರಡು ತಿಂಗಳು

1885ರಲ್ಲೇ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದು: ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆ, ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ. ಅದಕ್ಕೇ ಮರುದಿನ ಬೆಳಿಗ್ಗೆ ತುಂಬಾ ಮುಖ್ಯ. ಶಟರ್ ಎತ್ತುವ ಮುಂಚೆ ಹತ್ತು ನಿಮಿಷ ಎಲ್ಲರೂ ನಿಲ್ಲಲಿ. ಕೂರುವುದು ಬೇಡ, ಕೂತರೆ ಅರ್ಧ ಗಂಟೆ ಆಗುತ್ತದೆ. ಆ ಒಪ್ಪಂದವನ್ನು ಒಬ್ಬರು ಓದಲಿ. ನಿನ್ನೆ ಎಷ್ಟು ಸಲ ನಡೆಯಿತು, ಎಷ್ಟು ಸಲ ತಪ್ಪಿತು, ಇವತ್ತು ಯಾರು ರಜೆ, ಅವರ ಜಾಗ ಯಾರು ನೋಡುತ್ತಾರೆ. ಅಷ್ಟೇ. ಪ್ರತಿ ವಾರ ಇದನ್ನು ನಡೆಸುವವರು ಬೇರೆ ಬೇರೆ ಇರಲಿ, ಗೋಡೌನಿನವರಿಗೂ ಸರದಿ ಬರಲಿ. ಮ್ಯಾನೇಜರೇ ದಿನಾ ನಡೆಸಿದರೆ ಅದು ಹಾಜರಾತಿ ಕೂಗಿದ ಹಾಗೆ ಆಗಿಬಿಡುತ್ತದೆ.

ಗೋಡೆಗೆ ಒಂದು ಚಾರ್ಟ್ ಅಂಟಿಸಿ. ಉತ್ತರ 5 ನಿಮಿಷದೊಳಗೆ ಬಂದರೆ ಹಸಿರು ಗೀಟು, ತಡವಾದರೆ ಕೆಂಪು ಗೀಟು. ಹೆಸರು ಬರೆಯಬೇಡಿ. ಕೆಂಪು ಗೀಟಿಗೆ ದಂಡ ಹಾಕಿದರೆ ಮರುದಿನದಿಂದ ಗೀಟು ಎಳೆಯುವುದನ್ನೇ ನಿಲ್ಲಿಸುತ್ತಾರೆ. ಇದೆಲ್ಲಾ ವಾಟ್ಸಾಪ್ ಗ್ರೂಪಿನಲ್ಲಿ ಆಗುತ್ತದೆ ಅಂದುಕೊಳ್ಳಬೇಡಿ. ಮೂರನೇ ದಿನದಿಂದ ಅಲ್ಲಿ ಶುಭೋದಯದ ಚಿತ್ರಗಳೇ ತುಂಬಿರುತ್ತವೆ.

ಎಷ್ಟು ದಿನ ಮಾಡಬೇಕು? 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಜನ ಹೊಸ ಅಭ್ಯಾಸ ಹೇಗೆ ಮಾಡಿಕೊಳ್ಳುತ್ತಾರೆ ಅಂತ ನೋಡಿದಾಗ ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ. ಅದು ಒಬ್ಬೊಬ್ಬರ ಅಭ್ಯಾಸದ ಲೆಕ್ಕ, ತಂಡದ್ದಲ್ಲ. ಆದರೂ ಎರಡು ತಿಂಗಳಿಗಿಂತ ಮುಂಚೆ ಕೈ ಬಿಡಬಾರದು ಅಂತ ನಾನು ಅದರಿಂದ ಇಟ್ಟುಕೊಂಡಿದ್ದೇನೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ವಿಷಯ ಇದೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ಜಾತ್ರೆ ಬಂತು, ಮಾಲೀಕರ ಮನೆಯ ಮದುವೆ ಬಂತು, ಎರಡು ದಿನ ನಿಂತುಹೋಯಿತು. ಪರವಾಗಿಲ್ಲ, ಮೂರನೇ ದಿನ ಮತ್ತೆ ನಿಲ್ಲಿ. "ಬಿಟ್ಟುಹೋಯ್ತು ಬಿಡಿ ಸರ್" ಅಂತ ಅಲ್ಲೇ ಕೈಬಿಟ್ಟರೆ ಮತ್ತೆ ಶುರುವಾಗುವುದೇ ಇಲ್ಲ.

ಒಂದು ತಿಂಗಳಾದ ಮೇಲೆ ಒಂದು ಗಂಟೆ ಎಲ್ಲರೂ ಕೂರಬೇಕು. ಟೀ, ಮಂಡಕ್ಕಿ, ಮೆಣಸಿನಕಾಯಿ ತರಿಸಿ. ಅಮೆರಿಕದ ಸೈನ್ಯದಲ್ಲಿ ಪ್ರತಿ ಕಾರ್ಯಾಚರಣೆ, ತರಬೇತಿಯ ನಂತರ ಕೇಳಿಕೊಳ್ಳುವ ನಾಲ್ಕು ಪ್ರಶ್ನೆಗಳಿವೆ, ಅವನ್ನೇ ನಾನೂ ಕೇಳುತ್ತೇನೆ. ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದೆ ಏನು ಮಾಡೋಣ? ಮೂರನೆಯದರಲ್ಲಿ ಜಾಸ್ತಿ ಹೊತ್ತು ಇರಿ. ನಮ್ಮ ಬಟ್ಟೆ ಅಂಗಡಿಯಲ್ಲಿ ಸಂಜೆ ಹೊತ್ತು ಮಾತ್ರ ಕೆಂಪು ಗೀಟು ಜಾಸ್ತಿ ಇತ್ತು. ಗೋಡೌನಿನ ಹುಡುಗರು ಸೋಮಾರಿಗಳು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಯಾಕೆ ಅಂತ ಕೇಳುತ್ತಾ ಹೋದರೆ, ಆ ಹೊತ್ತಿಗೇ ಹೊಸ ಬಂಡಲ್‌ಗಳು ಬರುತ್ತಿದ್ದವು, ಇಬ್ಬರಲ್ಲಿ ಒಬ್ಬ ಅದನ್ನು ಇಳಿಸಲು ಕೆಳಗೆ ಹೋಗುತ್ತಿದ್ದ. ಬಂಡಲ್ ಬರುವ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿದರು.

ಲೆಕ್ಕ ಇಡುವುದು

ದಿನದ ಕೊನೆಗೆ ಕೊಡುವ ಫೀಡ್‌ಬ್ಯಾಕ್ ಫಾರಂ ನೋಡಿ ಖುಷಿಪಡಬೇಡಿ. ಊಟ ಚೆನ್ನಾಗಿದ್ದರೆ ಅದರಲ್ಲಿ ಐದಕ್ಕೆ ಐದು ಬರುತ್ತದೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯತೊಡಗಿದ ನಾಲ್ಕು ಹಂತಗಳ ಲೆಕ್ಕವನ್ನು ತರಬೇತಿ ಕೊಡುವವರು ಈಗಲೂ ಇಟ್ಟುಕೊಳ್ಳುತ್ತಾರೆ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ನಡವಳಿಕೆ ಬದಲಾಯಿತಾ, ಅದರಿಂದ ಕೆಲಸಕ್ಕೆ ಏನು ಸಿಕ್ಕಿತು. ಫಾರಂ ಮೊದಲ ಹಂತಕ್ಕೇ ನಿಲ್ಲುತ್ತದೆ. ನೀವು ನೋಡಬೇಕಾದದ್ದು ಮೂರು ಮತ್ತು ನಾಲ್ಕು. ಅದಕ್ಕೆ ವರ್ಕ್‌ಶಾಪಿಗೆ ಎರಡು ವಾರ ಮುಂಚೆಯೇ ಎಣಿಸಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಗಿರಾಕಿ ಕಾದು ಎದ್ದುಹೋದರು, ಎಷ್ಟು ಬಿಲ್ಲು ತಿದ್ದಬೇಕಾಯಿತು. ಒಂದು ನೋಟ್‌ಬುಕ್ ಸಾಕು. ಎರಡು ತಿಂಗಳ ಮೇಲೆ ಅದನ್ನೇ ಮತ್ತೆ ಎಣಿಸಿ. ಕಡಿಮೆ ಆಗದಿದ್ದರೆ ಒಪ್ಪಂದ ಬದಲಿಸಿ. ಜನರನ್ನು ಬೈಯಬೇಡಿ.

ಕಡಿಮೆ ಆಗಿದ್ದರೆ ಆಗ ಎರಡನೇ ಒಪ್ಪಂದ. ಅದಕ್ಕೆ ಮತ್ತೆ ಬಸ್ಸು ಬೇಡ, ಅಂಗಡಿಯಲ್ಲೇ ಒಂದು ಮಧ್ಯಾಹ್ನ ಸಾಕು.

ಹೊಸಬರ ವಿಷಯ ಮರೆಯಬೇಡಿ. ಅಂಗಡಿಗಳಲ್ಲಿ ಜನ ಬರುತ್ತಾ ಹೋಗುತ್ತಾ ಇರುತ್ತಾರೆ, ಕೋಟೆಗೆ ಬಂದಿದ್ದ 30 ಜನರಲ್ಲಿ ವರ್ಷ ಕಳೆಯುವ ಹೊತ್ತಿಗೆ ಎಷ್ಟೋ ಜನ ಬೇರೆ ಕಡೆ ಹೋಗಿರುತ್ತಾರೆ. ಹೊಸಬರು ಬಂದ ಮೊದಲ ದಿನವೇ ಒಪ್ಪಂದವನ್ನು ಹೇಳಿಕೊಡುವುದು ಯಾರ ಕೆಲಸ ಅಂತ ಚಾರ್ಟಿನ ಕೆಳಗೇ ಬರೆದಿಡಿ. ಕಳೆದ ಸಲ ನಾನು ಆ ಬಟ್ಟೆ ಅಂಗಡಿಗೆ ಹೋದಾಗ ಹರಿಹರದ ಕಡೆಯ ಒಬ್ಬ ಹೊಸ ಹುಡುಗ ಸೇರಿಕೊಂಡಿದ್ದ. ಮೆಟ್ಟಿಲ ಹತ್ತಿರ ನಿಂತು ಮೇಲಕ್ಕೆ ಕೂಗಲು ಬಾಯಿ ತೆರೆದಿದ್ದ. ಕೌಂಟರಿನ ಅಕ್ಕ ಅವನ ಕೈಗೆ ಚೀಟಿಯ ಪುಸ್ತಕ ಕೊಟ್ಟು, "ಇದರಲ್ಲಿ ಬರೆದು ಕಳಿಸಪ್ಪ, ಐದು ನಿಮಿಷದಲ್ಲಿ ಉತ್ತರ ಬರುತ್ತೆ" ಎಂದರು.